ಅವ್ವ ಬಚ್ಚಿಟ್ಟ ಎಲೆಯಡಿಕೆ ಚಂಚಿ

ಸವಣೂರಿನ ಎಲೆಬಳ್ಳಿ ತೋಟದಲ್ಲಿ ಅಪ್ಪ ದುಡಿಯುತ್ತಿದ್ದ. ತೋಟದ ಅರ್ಧ ಎಲೆ ಪೇಟೆಗೆ ಹೋದರೆ ಇನ್ನರ್ಧ ಅಪ್ಪನ ಬಾಯಿಗೇ ಹೋಗುತ್ತದೆ ಎಂದು ಅವ್ವ ಗೊಣಗುತ್ತಿದ್ದಳು. ಅವನ ತುಟಿ ಕೆಂಪಿಲ್ಲದ್ದನ್ನು ನಾನಂತೂ ನೋಡಿರಲಿಲ್ಲ.

ಎಂಬತ್ತರ ದಶಕದಲ್ಲಿ ಅಪ್ಪನಿಗೆ ಒಮ್ಮೆ ಎದೆನೋವು ಬಂತು. ಹುಬ್ಬಳ್ಳಿಯ ಡಾಕ್ಟರು ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ ಎಂದು ಹೇಳಿ, ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಅವ್ವನಿಗೆ ಅದು ಸಾಲಲಿಲ್ಲ. ಕೊಬ್ಬು ಕರಗಿಸಲು ಬಳ್ಳೊಳ್ಳಿಯೇ ಔಷಧ ಎಂದು ಹತ್ತಿಮತ್ತೂರಿನ ಸೋದರಮಾವ ಹೇಳಿದ್ದೇ ತಡ, ದಿನಾ ಬೆಳಿಗ್ಗೆ ಹಸಿ ಬಳ್ಳೊಳ್ಳಿ ಸುಲಿದು ಅಪ್ಪನ ಅಂಗೈಗೆ ಹಾಕತೊಡಗಿದಳು. ಮಾವ ಬಳ್ಳೊಳ್ಳಿ ಎಣ್ಣೆಯ ಗುಳಿಗೆಗಳನ್ನೂ ತಂದುಕೊಟ್ಟ, ಅವು ರಾತ್ರಿಗೆ. ಬಳ್ಳೊಳ್ಳಿ ತಿಂದೆವೆಂದು ಯಾರಾದರೂ ಡಾಕ್ಟರಿಗೆ ವರದಿ ಒಪ್ಪಿಸುತ್ತಾರೆಯೇ? ನಾವೂ ಒಪ್ಪಿಸಲಿಲ್ಲ.

ಕೆಲವು ವಾರಗಳಲ್ಲಿ ಅಪ್ಪನ ದಿಂಬಿನ ಮೇಲೆ ಕೆಂಪು ಕಲೆಗಳು ಕಾಣಿಸಿಕೊಂಡವು.

“ಎಲಿ ಬಾಯಾಗ ಇಟ್ಕೊಂಡ ಮಕ್ಕೋತೀರಲ್ರಿ, ಸಣ್ಣ ಹುಡುಗ್ರೇನು ನೀವು?” ಎಂದು ಅವ್ವ ಎಗರಾಡಿದಳು. ಅಪ್ಪ ಇಲ್ಲವೆಂದರೂ ನಂಬದೆ, ಅವನ ಎಲೆಯಡಿಕೆ ಚಂಚಿಯನ್ನು ಜೋಳದ ಗಡಿಗೆಯಲ್ಲಿ ಬಚ್ಚಿಟ್ಟಳು. ತೋಟಕ್ಕೂ ಬಿಡಲಿಲ್ಲ.

ಮರುದಿನ ಅಪ್ಪ ಹಿತ್ತಲಲ್ಲಿ ಬಾಯಿ ಮುಕ್ಕಳಿಸಿದಾಗ ನೀರು ಕೆಂಪಗೇ ಬಿತ್ತು.

“ಎಲಿ ಯಾರ್ ಕೊಟ್ರ?” ಎಂದು ಅವ್ವ ನನ್ನತ್ತ ತಿರುಗಿದಳು. ನಾನು ಆಗಾಗ ಕದ್ದು ಕೊಡುತ್ತಿದ್ದ ಮಗಳೇ ಸರಿ, ಆದರೆ ಅಂದು ಕೊಟ್ಟಿರಲಿಲ್ಲ. ಅಪ್ಪ ಸುಮ್ಮನೆ ಬಾಯಿ ತೆರೆದು ತೋರಿಸಿದ. ಎಲೆಯ ಚೂರೂ ಇರಲಿಲ್ಲ. ಹಲ್ಲಿನ ಸಂದಿಗಳಿಂದ ರಕ್ತ ಜಿನುಗುತ್ತಿತ್ತು. ಅವ್ವ ಸೆರಗಿನ ತುದಿಯಿಂದ ಅವನ ತುಟಿ ಒರೆಸಿದಳು. ಅಪ್ಪ ಸಾಯುತ್ತಾನೆಂದು ನನಗೆ ಅಳುವೇ ಬಂತು.

ಸಿಕ್ಕ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋದೆವು. ಏನೇನು ತಿನ್ನುತ್ತೀರಿ ಎಂದು ಡಾಕ್ಟರು ಕೆದಕಿ ಕೇಳಿದಾಗ ಬಳ್ಳೊಳ್ಳಿಯ ಕಥೆ ಹೊರಬಿತ್ತು.

“ನನ್ನ ಗುಳಿಗಿ ರಕ್ತ ತೆಳ್ಳಗ ಮಾಡ್ತೈತಿ. ಇಷ್ಟ್ ಬಳ್ಳೊಳ್ಳಿ, ಮ್ಯಾಲ ಅದರ ಎಣ್ಣಿ ಬ್ಯಾರೆ. ಅದೂ ಅದ ಕೆಲಸ ಮಾಡ್ತೈತಿ. ಎರಡೂ ಕೂಡಿ ಹಿಂಗಾಗೈತಿ. ಗಿಡದ್ದಾದ್ರೂ ನನಗ ಹೇಳಬೇಕ್ರಿ,” ಎಂದರು. ಬಳ್ಳೊಳ್ಳಿಯನ್ನೂ ಅದರ ಗುಳಿಗೆಯನ್ನೂ ನಿಲ್ಲಿಸಿದರು.

ಮರಳುವಾಗ ಅವ್ವ ಬಸ್ಸಿನ ಕಿಟಕಿಗೆ ಮುಖ ಮಾಡಿ ಅಳುತ್ತಿದ್ದಳು. “ನನ್ನ ಕೈಯಾರೆ ಸುಲದ ಕೊಟ್ಟೆನಲ್ರಿ. ಒಂದಿನಾನೂ ಒಲ್ಲೆ ಅನ್ಲಿಲ್ಲ ನೀವು.”

“ಹಸಿ ಬಳ್ಳೊಳ್ಳಿ ನನಗ ಮೊದಲಿಂದೂ ಸೇರಂಗಿಲ್ಲ,” ಎಂದ ಅಪ್ಪ. “ಹೊಟ್ಟೀನೂ ಉರೀತಿತ್ತು. ಆದ್ರ ನಾ ನುಂಗೋತನಕ ನೀ ಮುಂದ ಕುಂತಿರ್ತಿದ್ದಿ. ನೀ ಹಂಗ ನನ್ನ ಮುಂದ ಕುಂತು ಎಷ್ಟ್ ವರ್ಷ ಆಗಿತ್ತು!”

ರಕ್ತ ನಿಂತಿತು. ಚಂಚಿಯೂ ಗಡಿಗೆಯಿಂದ ಹೊರಬಂತು, ಆದರೆ ಅಪ್ಪನ ಕೈಗೆ ಬರಲಿಲ್ಲ. ಬೆಳಿಗ್ಗೆ ಅವ್ವ ಬಳ್ಳೊಳ್ಳಿಯ ಹೊತ್ತಿಗೇ ಅವನೆದುರು ಕೂರುತ್ತಿದ್ದಳು. “ಬಾಯಿ ತಗೀರಿ,” ಅನ್ನುತ್ತಿದ್ದಳು. ಅಪ್ಪ ತೆರೆಯುತ್ತಿದ್ದ. ಹಲ್ಲು, ವಸಡು ಎಲ್ಲ ನೋಡಿ ಮುಗಿಸಿದ ಮೇಲೆ ಒಂದು ಎಲೆಗೆ ಸುಣ್ಣ ಸವರಿ, ಮಡಚಿ, ತಾನೇ ಅವನ ಬಾಯಿಗೆ ಇಡುತ್ತಿದ್ದಳು.