ಕಳಚಿಟ್ಟ ತಂತಿಯ ಎರಡು ಸದ್ದು

ಇಂಥ ಅನುಭವಗಳನ್ನು ಯಾರಾದರೂ ಹೇಳಿದಾಗ ನಗುತ್ತಿದ್ದವರಲ್ಲಿ ನಾನೂ ಒಬ್ಬ. ಈಗ ನಂಬುತ್ತೇನೆಂದೂ ಅಲ್ಲ. ಹೇಳುವವರ ನೆನಪು ಬಹಳ ಅಚ್ಚುಕಟ್ಟಾಗಿರುತ್ತದೆ ಎನ್ನುವುದೇ ನನ್ನ ಅನುಮಾನಕ್ಕೆ ಕಾರಣವಾಗಿತ್ತು. ಅವರ ಕಥೆಯಲ್ಲಿ ದೀಪ ಆರಬೇಕಾದಾಗ ಆರುತ್ತದೆ, ನಾಯಿ ಊಳಿಡಬೇಕಾದಾಗ ಊಳಿಡುತ್ತದೆ. ನಾನು ಹೇಳಹೊರಟಿರುವುದು ಹಾಡಹಗಲಲ್ಲಿ, ಫ್ಯಾನು ತಿರುಗುತ್ತಿದ್ದ ಒಂದು ಮನೆಯಲ್ಲಿ ನಡೆದದ್ದು. ಅದರಲ್ಲಿ ಒಂದಷ್ಟನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಎಲ್ಲಿ ಹಾಗನ್ನಿಸುತ್ತದೋ ಅಲ್ಲೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಮೈಸೂರಿನ ಒಂದು ಕಂಪ್ಯೂಟರ್ ಅಂಗಡಿಯ ಪರವಾಗಿ ಮನೆಮನೆಗೆ ಹೋಗಿ ಇಂಟರ್ನೆಟ್ ಹಾಕಿಕೊಡುತ್ತಿದ್ದೆ. ಹಳೆಯ ಕಂಪ್ಯೂಟರಿಗೆ ಮೋಡೆಮ್ ಜೋಡಿಸಿ, ಅದಕ್ಕೆ ಮನೆಯ ಟೆಲಿಫೋನ್ ತಂತಿ ಸಿಕ್ಕಿಸಿ, ಡಯಲ್ ಮಾಡಬೇಕಾದ ನಂಬರು, ಹೆಸರು, ಪಾಸ್‌ವರ್ಡ್ ತುಂಬಿಕೊಡುವ ಕೆಲಸ. ಆಗ ಇಂಟರ್ನೆಟ್ ಬರುತ್ತಿದ್ದದ್ದು ಫೋನಿನ ತಂತಿಯಲ್ಲೇ. ನೆಟ್ ಇದ್ದಷ್ಟು ಹೊತ್ತು ಹೊರಗಿನಿಂದ ಫೋನ್ ಮಾಡುವವರಿಗೆ ಎಂಗೇಜ್ ಸದ್ದು. ಮನೆಯೊಳಗೆ ಅದೇ ಲೈನಿನ ಇನ್ನೊಂದು ರಿಸೀವರನ್ನು ಯಾರಾದರೂ ಎತ್ತಿದರೆ ನೆಟ್ ಕಡಿದುಹೋಗುತ್ತಿತ್ತು. ಈ ಕಥೆಗೆ ಇಷ್ಟು ಗೊತ್ತಿದ್ದರೆ ಸಾಕು.

ಮನೆ ರಾಮಕೃಷ್ಣನಗರದಲ್ಲಿತ್ತು. ಮನೆಯ ಯಜಮಾನರು ಗುರುಮಲ್ಲಪ್ಪ, ಒಂದು ಕಾಲಕ್ಕೆ ದಿನಸಿ ಮಂಡಿ ನಡೆಸಿದವರು. ಲಕ್ವ ಹೊಡೆದು ಬಲಭಾಗವೂ ಮಾತೂ ಹೋಗಿದ್ದವು. ಮಗಳು ಶಾಂತಲಾ ಅಪ್ಪನನ್ನು ಬಿಟ್ಟು ಹೊರಗೆ ದುಡಿಯಲು ಹೋಗುವಂತಿರಲಿಲ್ಲ. ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಶಾಲಾ ಮಕ್ಕಳ ಗೈಡುಗಳನ್ನು ಮನೆಯಲ್ಲೇ ಟೈಪ್ ಮಾಡಿ, ಫ್ಲಾಪಿಯಲ್ಲಿ ಹಾಕಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು. ಎರಡು ಸಲ ಫ್ಲಾಪಿ ಕೆಟ್ಟುಹೋಗಿ ಅಲ್ಲಿ ತೆರೆಯಲಿಲ್ಲ. ಇನ್ನು ಮೇಲೆ ಇಮೇಲಿನಲ್ಲೇ ಕಳಿಸಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರಂತೆ. ಅವತ್ತು ಸಂಜೆ ಐದರೊಳಗೆ ಒಂದು ಪಾಠ ಹೋಗಲೇಬೇಕಿತ್ತು.

ಕೆಲಸ ಶುರು ಮಾಡುವ ಮೊದಲೇ ಶಾಂತಲಾ ಒಂದು ಷರತ್ತು ಹಾಕಿದರು. ನಾಲ್ಕು ಗಂಟೆಗೆ ಲೈನು ಖಾಲಿ ಇರಬೇಕು. ಕೆಸರೆಯಲ್ಲಿರುವ ಸೋದರತ್ತೆ ಗೌರಮ್ಮ ದಿನಾ ಆ ಹೊತ್ತಿಗೆ ಮನೆ ಹತ್ತಿರದ ಅಂಗಡಿಯ, ರೂಪಾಯಿ ನಾಣ್ಯ ಹಾಕುವ ಫೋನಿನಿಂದ ತಮ್ಮನಿಗೆ ಫೋನ್ ಮಾಡುತ್ತಾರೆ. ಅದಕ್ಕೆಂದೇ ಒಳಕೋಣೆಯಲ್ಲಿ, ಮಂಚದ ಪಕ್ಕ, ಇನ್ನೊಂದು ಫೋನ್ ಎಳೆಸಿದ್ದರು. ಅಕ್ಕ ಆ ಕಡೆಯಿಂದ ಕೇಳಬೇಕು, ತಮ್ಮ ಎಡಗೈಯ ಬೆಳ್ಳಿ ಉಂಗುರದಿಂದ ರಿಸೀವರಿನ ಮೇಲೆ ತಟ್ಟಬೇಕು. ಒಂದು ತಟ್ಟಿದರೆ ಹೂಂ, ಎರಡು ತಟ್ಟಿದರೆ ಬೇಡ. ಮೂರು ನಿಮಿಷಕ್ಕೆ ಕಾಲ್ ತಾನಾಗಿ ಕಟ್ ಆಗುವವರೆಗೆ ಇದೇ ಅವರ ಮಾತುಕತೆ. ಹಾಗೆ ಹೇಳುವಾಗ ಶಾಂತಲಾ ಸ್ವಲ್ಪ ನಕ್ಕರು.

"ನಂಗಿಂತ ಅತ್ತೆ ಹತ್ರಾನೇ ಜಾಸ್ತಿ ಮಾತಾಡ್ತಾರೆ ಕಣ್ರೀ, ಬಾಯಿ ಇಲ್ದೇನೇ."

ಮೂರೂಮುಕ್ಕಾಲಿಗೆಲ್ಲ ಮುಗಿಸುತ್ತೇನೆ ಎಂದು ನಾನು ಒಪ್ಪಿಕೊಂಡೆ.

ಮುಗಿಯಲಿಲ್ಲ. ಆ ಲೈನಿನಲ್ಲಿ ಮೋಡೆಮ್ ಹಳೆಯ ರೀತಿಯಲ್ಲಿ, ಒಂದೊಂದು ಅಂಕಿಗೂ ಲೈನನ್ನು ಅಷ್ಟಷ್ಟು ಸಲ ಕಡಿದು ಡಯಲ್ ಮಾಡಬೇಕಿತ್ತು. ಹಾಗೆ ಮಾಡಿದಾಗಲೆಲ್ಲ ಒಳಕೋಣೆಯ ಫೋನಿನ ಗಂಟೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು. ಗುರುಮಲ್ಲಪ್ಪ ಅಕ್ಕನ ಫೋನ್ ಬಂತೆಂದು ರಿಸೀವರ್ ಎತ್ತಿಬಿಡುತ್ತಿದ್ದರು. ನೆಟ್ ಕಡಿಯುತ್ತಿತ್ತು. ಮತ್ತೆ ಡಯಲ್, ಮತ್ತೆ ಕಿಣಿಕಿಣಿ, ಮತ್ತೆ ಅವರು ಎತ್ತುವುದು. ಶಾಂತಲಾ ಎರಡು ಸಲ ಒಳಗೆ ಹೋಗಿ, "ಅತ್ತೆ ಅಲ್ಲಪ್ಪಾ, ಇನ್ನೂ ಟೈಮಾಗಿಲ್ಲ" ಎಂದು ರಿಸೀವರನ್ನು ಕೆಳಗಿಟ್ಟು ಬಂದರು. ಆರನೆಯದೋ ಏಳನೆಯದೋ ಸಲ ನನ್ನ ತಾಳ್ಮೆ ಮುಗಿಯಿತು.

ಶಾಂತಲಾ ಹಿತ್ತಲಲ್ಲಿದ್ದಾಗ ಹಾಲಿನ ಗೋಡೆಯ ಮೇಲೆ ಫೋನಿನ ತಂತಿಗಳು ಸೇರುವ ಬಿಳಿ ಡಬ್ಬಿಯ ಮುಚ್ಚಳದ ಸ್ಕ್ರೂ ಬಿಚ್ಚಿ, ಒಳಕೋಣೆಗೆ ಹೋಗುವ ಎರಡು ತಂತಿಗಳನ್ನು ಕಳಚಿ ಹೊರಗೆ ಬಗ್ಗಿಸಿಟ್ಟೆ. ಯಾರಿಗೂ ಹೇಳಲಿಲ್ಲ. ಕೆಲಸ ಮುಗಿದ ಮೇಲೆ ಸೇರಿಸಿದರಾಯಿತು ಎಂದುಕೊಂಡೆ. ಆಮೇಲೆ ಡಯಲ್ ಮಾಡಿದಾಗ ಒಳಗಿನ ಗಂಟೆ ಅಲುಗಲಿಲ್ಲ. ತಪ್ಪು ತಂತಿ ಕಳಚಿದೆನೇನೋ ಎಂದು ನನಗೆ ನಾನೇ ಹೇಳಿಕೊಳ್ಳಲು ಆಗದಿರುವುದು ಈ ಒಂದು ಕಾರಣಕ್ಕೆ.

ನೆಟ್ ಕಡಿಯದೆ ನಿಂತಿತು. ಫೈಲು ಹೋಗತೊಡಗಿತು, ಬಸವನಹುಳುವಿನ ಹಾಗೆ. ನಾಲ್ಕಾದಾಗ ಅರ್ಧ ದಾಟಿತ್ತೇನೋ. ಶಾಂತಲಾ ಬಂದು ಗಡಿಯಾರ ನೋಡಿದರು.

"ನಾಲ್ಕಾಯ್ತಲ್ರೀ. ಅತ್ತೆ ಫೋನ್ ಮಾಡ್ತಾರೆ."

"ಈಗ ಬಿಟ್ರೆ ಮತ್ತೆ ಮೊದ್ಲಿಂದ ಆಗ್ಬೇಕು ಮೇಡಂ. ಹತ್ತು ನಿಮಿಷ."

ಅವರು ಪರದೆಯನ್ನು ನೋಡಿದರು, ಒಳಕೋಣೆಯ ಬಾಗಿಲನ್ನು ನೋಡಿದರು, ಅಡುಗೆಮನೆಗೆ ಹೋದರು. ಹೀಗೆಂದು ನನ್ನ ನೆನಪು. ಅವರು ಬಾಗಿಲ ಕಡೆ ನೋಡಿದ್ದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ.

ಆಗ ಒಳಕೋಣೆಯಿಂದ ಉಂಗುರದ ಸದ್ದು ಕೇಳಿತು. ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಿ ತಾಗಿದ ಸದ್ದು. ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್. ಬಾಗಿಲು ಅರ್ಧ ತೆರೆದಿತ್ತು, ನಾನು ಕೂತಲ್ಲಿಂದ ಅವರ ಕಾಲುಗಳಷ್ಟೇ ಕಾಣುತ್ತಿದ್ದವು. ಗಡಿಯಾರ ನೋಡಿ, ಗಂಟೆ ಬಾರದಿದ್ದರೂ ಎತ್ತಿಕೊಂಡಿದ್ದಾರೆ, ಸತ್ತ ಫೋನಿಗೆ ಉತ್ತರ ಕೊಡುತ್ತಿದ್ದಾರೆ ಎಂದುಕೊಂಡೆ. ಪಾಪ ಅನ್ನಿಸಿತು ಎಂದು ಬರೆಯಬೇಕೆನ್ನಿಸುತ್ತದೆ. ನಿಜವಾಗಿ ಅನ್ನಿಸಿದ್ದು, ಸದ್ಯ ತಂತಿ ಕಳಚಿದ್ದು ಒಳ್ಳೆಯದಾಯಿತು ಎಂದು. ಅವರು ಎತ್ತಿದ್ದರೂ ಪರದೆಯ ಮೇಲೆ ಫೈಲು ಹೋಗುತ್ತಲೇ ಇತ್ತು. ಬಿಡುವು ಈ ಸಲ ಉದ್ದವಾಯಿತು. ಆಮೇಲೆ ಟಕ್ ಟಕ್, ಜೋಡಿಯಾಗಿ. ಆಮೇಲೆ ಇಲ್ಲ.

ಫೈಲು ಹೋಗಿ ಮುಗಿದದ್ದು ನಾಲ್ಕೂಕಾಲಿನ ಸುಮಾರಿಗೆ. ನೆಟ್ ಬಿಡಿಸಿದೆ. ಅಷ್ಟರಲ್ಲಿ ಶಾಂತಲಾ ಅಪ್ಪನಿಗೆ ಗಂಜಿ ತೆಗೆದುಕೊಂಡು ಒಳಗೆ ಹೋದವರು ಲೋಟ ಹಿಡಿದುಕೊಂಡೇ ಹೊರಗೆ ಬಂದರು.

"ಸ್ವಲ್ಪ ಬಂದು ನೋಡ್ತೀರಾ. ಅಪ್ಪ ಯಾಕೋ ಅಲ್ಲಾಡ್ತಿಲ್ಲ."

ರಿಸೀವರ್ ಅವರ ಎದೆಯ ಮೇಲೆ ಇತ್ತು, ಕೈ ಅದರ ಮೇಲಿತ್ತು. ಕಣ್ಣು ಅರ್ಧ ತೆರೆದಿತ್ತು. ಶಾಂತಲಾ ಬೀದಿಯ ಕೊನೆಯ ಮನೆಯ ಡಾಕ್ಟರನ್ನು ಕರೆಯಲು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದರು.

ಮನೆಯಲ್ಲಿ ನಾನು ಮತ್ತು ಅವರು. ಆಗ ನಾನು ಮಾಡಿದ್ದು ಇದು: ಹಾಲಿಗೆ ಬಂದು ಡಬ್ಬಿಯಲ್ಲಿ ಆ ಎರಡು ತಂತಿಗಳನ್ನು ಮೊದಲಿನಂತೆ ಸೇರಿಸಿದೆ. ಮುಚ್ಚಳವನ್ನು ಒತ್ತಿ ಕೂರಿಸಿದೆ. ಅಕ್ಕನ ಫೋನಿಗೆ ಕಾಯುತ್ತ ಸತ್ತರು, ತಂತಿ ಕಳಚಿದವನು ಇವನು ಎಂದು ಯಾರೂ ಹೇಳಬಾರದು, ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ಸರಿಯಾಗಿದೆಯೇ ಎಂದು ಹಾಲಿನ ಫೋನ್ ಎತ್ತಿ ಕಿವಿಗಿಟ್ಟೆ. ಡಯಲ್ ಟೋನಿನ ಹಿಂದೆ ಒಳಕೋಣೆಯ ಫ್ಯಾನಿನ ಕಿರುಗುಟ್ಟುವಿಕೆ ಕೇಳಿಸಿತು. ಅವರ ಎದೆಯ ಮೇಲಿದ್ದ ರಿಸೀವರಿನಿಂದ ಬರುತ್ತಿದ್ದದ್ದು. ಅದು ವಿಚಿತ್ರವೇನಲ್ಲ, ತಂತಿ ಸೇರಿದ ಮೇಲೆ ಹಾಗೇ ಕೇಳಿಸಬೇಕು. ಆದರೂ ನಾನು ಫೋನನ್ನು ಬೇಗ ಕೆಳಗಿಟ್ಟೆ.

ಡಾಕ್ಟರು ಬಂದು ನೋಡಿ ತಲೆ ಅಲ್ಲಾಡಿಸಿದರು. ಕೆಸರೆಯ ಅಂಗಡಿಗೆ ಫೋನ್ ಮಾಡಿ ಹೇಳಿಸಿದರು. ನಾನು ಹೊರಟುಬಿಡಬಹುದಿತ್ತು. ಅಕ್ಕಪಕ್ಕದವರು ಬೆಂಚು ಸರಿಸಲು, ಕಂಪ್ಯೂಟರ್ ಎತ್ತಿ ಬದಿಗಿಡಲು ಕರೆದರು, ಉಳಿದೆ. ಗೌರಮ್ಮ ಆಟೋದಲ್ಲಿ ಬರುವ ಹೊತ್ತಿಗೆ ತಮ್ಮನನ್ನು ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಆಕೆಯ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅದನ್ನು ತಮ್ಮನ ಮುಂದಿಟ್ಟು ಕೂತರು. ಅಳಲಿಲ್ಲ. ಯಾರಿಗೂ ಅಲ್ಲ ಎಂಬಂತೆ ಹೇಳತೊಡಗಿದರು. ದಿನಾ ಬರ್ಲಾ ಎಂದು ಕೇಳುತ್ತಿದ್ದರಂತೆ. ದಿನಾ ಅವನು ಒಂದು ತಟ್ಟುತ್ತಿದ್ದನಂತೆ. ಎರಡು ಬಸ್ಸು, ಮಂಡಿನೋವು, ನಾಳೆ ಬತ್ತೀನಿ ಬುಡು ಎಂದು ತಾನೇ ತಳ್ಳುತ್ತಿದ್ದರಂತೆ. ಅವತ್ತು ನಿಜವಾಗಿ ಹೊರಟಿದ್ದರು, ರೊಟ್ಟಿ ಕಟ್ಟಿಕೊಂಡಿದ್ದರು, ಅಂಗಡಿಯಿಂದ ಹಾಗೇ ಬಸ್ಸಿಗೆ ಹೋಗುವುದೆಂದು.

"ಊಟ ಆಯ್ತಾ ಅಂದೆ, ಒಂದ್ ತಟ್ದ. ಮಾತ್ರೆ ತಗಂಡಾ ಅಂದೆ, ಒಂದ್ ತಟ್ದ. ಇವತ್ತು ಬತ್ತಾ ಇವ್ನಿ ಕಣೋ ಮಲ್ಲ, ಬರ್ಲಾ ಅಂದೆ. ಎರಡ್ ತಟ್ಬುಟ್ಟ."

ಶಾಂತಲಾ ತಲೆ ಎತ್ತಿದರು. "ಅತ್ತೆ, ಫೋನು ಎಂಗೇಜ್ ಇರ್ಲಿಲ್ವಾ?"

"ಎಂಗೇಜ್ ಇದ್ರೆ ರೂಪಾಯಿ ವಾಪಸ್ ಬತ್ತದೆ ಕಣಮ್ಮ. ನುಂಗ್ತಲ್ಲ. ನಾಲ್ಕಕ್ಕೇ ಮಾಡಿದ್ನಲ್ಲ ನಾನು."

ಶಾಂತಲಾ ನನ್ನ ಕಡೆ ನೋಡಿದರು. ಸಂಜೆ ಗೇಟಿನ ಹತ್ತಿರ ಮೆಲ್ಲಗೆ ಕೇಳಿದರು: ನಾನು ಒಳಗೆ ಹೋದ ಮೇಲೆ ನೀವು ನೆಟ್ ಕಟ್ ಮಾಡಿದ್ರಾ? ಮಾಡಿದೆ ಮೇಡಂ, ನಾಲ್ಕಕ್ಕೇ ಬಿಟ್ಟು ಆಮೇಲೆ ಮತ್ತೆ ಹಾಕಿದೆ ಎಂದೆ. ಅವರ ಮುಖ ಸಡಿಲವಾಯಿತು. ಅಲ್ಲಿಗೆ ಎಲ್ಲರ ಪಾಲಿಗೂ ಅದು ಒಂದು ಸಾಮಾನ್ಯ ಫೋನ್ ಕರೆಯಾಯಿತು. ಅದು ಆಗಲು ಸಾಧ್ಯವಿಲ್ಲ ಎಂದು ತಿಳಿದವನು ನಾನೊಬ್ಬನೇ ಉಳಿದೆ. ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿಯನ್ನು ನನ್ನ ಕೈಯಿಂದಲೇ ಸೇರಿಸಿ ಮುಚ್ಚಿದ್ದೆ.

ಆಮೇಲೆ ಬೇರೆ ಮನೆಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದುಂಟು. ನೆಟ್ ಇದ್ದಾಗ ಹೊರಗಿನಿಂದ ಕರೆ ಬರಲೇ ಇಲ್ಲ. ಗೌರಮ್ಮ ತಪ್ಪು ನಂಬರ್ ಒತ್ತಿ ಯಾರೋ ಪೋಕರಿ ರಿಸೀವರ್ ತಟ್ಟಿರಬಹುದು. ಆದರೆ ಒಂದು, ಒಂದು, ಎರಡು? ಆ ಲೆಕ್ಕವನ್ನು ನಾನು ಆಕೆ ಹೇಳುವ ಮೊದಲೇ ಕೇಳಿದ್ದೆನೋ, ಆಕೆ ಹೇಳಿದ ಮೇಲೆ ನನ್ನ ಕಿವಿ ಹಾಗೆ ತಿದ್ದಿಕೊಂಡಿತೋ? ನನ್ನ ಅನುಮಾನವೆಲ್ಲ ಇಲ್ಲಿದೆ. ಕೆಲವು ದಿನ ಮೊದಲನೆಯದು ಖಚಿತ, ಕೆಲವು ದಿನ ಎರಡನೆಯದು.

ಕೆಲವು ತಿಂಗಳ ನಂತರ ಹೇಳಿಬಿಡಬೇಕೆಂದು ಕೆಸರೆಗೆ ಹೋದೆ. ಗೌರಮ್ಮ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಮನಸ್ಸಿನಲ್ಲಿ ಇನ್ನೂ ಅದೇ ಕೊರೆಯುತ್ತಿತ್ತು. ವರ್ಷಗಟ್ಟಲೆ ಬಾ ಎಂದವನು ಕೊನೆಯ ದಿನ ಬೇಡ ಎಂದನಲ್ಲ, ಏನು ಕೋಪವಿತ್ತೋ ಎಂದರು. ತಂತಿಯ ವಿಷಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಆ ಬೇಡ ಅವನದಲ್ಲ ಎಂದಾಗುತ್ತಿತ್ತು. ಹಾಗೆಯೇ ಊಟ, ಮಾತ್ರೆಗಳಿಗೆ ಅವನು ಕೊಟ್ಟ ಎರಡು ಹೂಂಗಳೂ ಅವನವಲ್ಲ ಎಂದಾಗುತ್ತಿತ್ತು. ತಮ್ಮ ಅಕ್ಕನಿಗಾಗಿ ಕಾಯುತ್ತ, ಏನೂ ಕೇಳಿಸದ ಫೋನ್ ಹಿಡಿದು ಹೋದ ಎಂದಾಗುತ್ತಿತ್ತು.

ಆಕೆ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ನೀನು ಅಲ್ಲೇ ಇದ್ಯಲ್ಲಪ್ಪಾ ಅವತ್ತು. ನಿಂಗೂ ಕೇಳಿಸ್ತಾ, ಅವ್ನು ತಟ್ಟಿದ್ದು?"

"ಕೇಳಿಸ್ತಮ್ಮಾ."

"ಕೊನೇಗೆ ಎಷ್ಟು?"

ಒಂದು ಎಂದಿದ್ದರೆ ಸಾಕಿತ್ತು. ನಿಮಗೆ ತಪ್ಪಾಗಿ ಕೇಳಿಸಿದೆ ಅಮ್ಮಾ, ಬಾ ಎಂದೇ ಅಂದರು ಎಂದು ಹೇಳಿದ್ದರೆ ಆಕೆಯ ಕೋಪದ ಕೊರಗು ಅಲ್ಲಿಗೇ ನಿಲ್ಲುತ್ತಿತ್ತೇನೋ. ಅವತ್ತು ಶಾಂತಲಾಗೆ ಎಷ್ಟು ಸಲೀಸಾಗಿ ಸುಳ್ಳು ಹೇಳಿದ್ದೆ. ಆದರೆ ಬಾಯಿಂದ ಬಂದದ್ದು "ಎರಡು."

ಆಕೆ ತಲೆದೂಗಿ ಮತ್ತೆ ಮೊರದ ಕಡೆ ಬಗ್ಗಿದರು. ನಾನು ಎದ್ದು ಬಂದೆ. ಎರಡು ಎಂದು ಹೇಳಿದ್ದಂತೂ ಖಂಡಿತ. ಎರಡು ಕೇಳಿದೆನೇ ಎಂದು ಈಗ ಕೇಳಿದರೆ ನನಗೆ ಗೊತ್ತಿಲ್ಲ. ಕಳಚಿದ ತಂತಿಯಲ್ಲಿ ಅಕ್ಕನ ಪ್ರಶ್ನೆ ಅವರಿಗೆ ಹೇಗೆ ಕೇಳಿತು, ಅವರ ಉತ್ತರ ಆಕೆಗೆ ಹೇಗೆ ಮುಟ್ಟಿತು, ಅದೂ ಗೊತ್ತಿಲ್ಲ.

ಎಷ್ಟೋ ಸಲ, ನಾನು ತಂತಿ ಕಳಚಿರಲೇ ಇಲ್ಲ, ಭಯದಲ್ಲಿ ಹಾಗೆ ಕಲ್ಪಿಸಿಕೊಂಡೆ ಎಂದು ಮುಗಿಸಿಬಿಡಲು ನೋಡಿದ್ದೇನೆ. ಆಗ ಹಳೆಯ ಉಪಕರಣಗಳ ಡಬ್ಬಿ ತೆರೆಯುತ್ತೇನೆ. ಅವತ್ತು ಸಾವಿನ ಮನೆಯಿಂದ ಬಂದು ಸ್ನಾನಕ್ಕೆಂದು ಅಂಗಿ ಬಿಚ್ಚಿದಾಗ ಜೇಬಿನಲ್ಲಿ ಸಿಕ್ಕ ಸಣ್ಣ ಸ್ಕ್ರೂ ಅದರಲ್ಲಿದೆ. ಗೋಡೆಯ ಆ ಬಿಳಿ ಡಬ್ಬಿಯ ಮುಚ್ಚಳದ್ದು. ಗಡಿಬಿಡಿಯಲ್ಲಿ ಹಾಕಲು ಮರೆತಿದ್ದೆ.