ಕೂಗಿನ ಲೆಕ್ಕ

ಕೆಲಸ ಹುಡುಕಲು ವಿಸಿಟ್ ವೀಸಾದಲ್ಲಿ ಕೊಲ್ಲಿ ದೇಶಕ್ಕೆ ಬಂದು ನಾನು ಅಕ್ಕನ ಮನೆಯಲ್ಲಿದ್ದೆ. ಇಂಟರ್‌ನ್ಯಾಷನಲ್ ಸಿಟಿಯ ಆ ಕಟ್ಟಡದ ಪಾರ್ಕಿಂಗಿನಲ್ಲಿ ಬೆಕ್ಕಿನ ಮರಿ ಸಿಕ್ಕಿದ್ದು ಜುಲೈಯ ಒಂದು ಭಾನುವಾರ, ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ. ಒಂದು ಗಂಟೆ ಕಾದರೂ ತಾಯಿ ಬರಲಿಲ್ಲ. ಮರಿ ಆಗಷ್ಟೇ ಕಣ್ಣು ತೆರೆದಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಇನ್ನೂರ ಹನ್ನೆರಡು ಗ್ರಾಂ ತೂಗಿತು.

"ನಿನ್ನ ಹಾಗೆ ಇದೂ ವಿಸಿಟ್ ವೀಸಾದಲ್ಲಿ ಬಂದದ್ದಾ?" ಎಂದು ಭಾವ ಕೇಳಿದರು.

ಅಕ್ಕನ ಷರತ್ತು ಒಂದೇ. "ಗಲಾಟೆ ಮಾಡಿದ್ರೆ ಇಡ್ಲಿಕ್ಕಿಲ್ಲ."

ಹಾಗಾಗಿ ದಿನಚರಿಯಲ್ಲಿ ತೂಕ, ಹಾಲು ಎಂಬ ಎರಡು ಕಾಲಂಗಳ ಪಕ್ಕ ಕೂಗು ಎಂಬ ಮೂರನೆಯದನ್ನೂ ಎಳೆದೆ. ಮರಿ ದಿನದಿಂದ ದಿನಕ್ಕೆ ಸುಮ್ಮನಾಗುತ್ತಿದೆ ಎಂದು ಅಕ್ಕನಿಗೆ ತೋರಿಸಬೇಕಿತ್ತು.

ಬಿಸಿಲಿನಿಂದ ಎತ್ತಿ ತಂದದ್ದರಿಂದ ಅದರ ಮೈ ಬಿಸಿಯಿತ್ತು. ಅಕ್ಕ ಹೊಟ್ಟೆ ಮುಟ್ಟಿ ನೋಡಿ, "ಇದಕ್ಕೆ ಉಷ್ಣ ಆಗಿದೆ ಮಾರಾಯ್ತಿ, ತಂಪು ಮಾಡ್ಬೇಕು" ಎಂದಳು. ನಮ್ಮ ಮನೆಯಲ್ಲಿ ಕಣ್ಣು ಉರಿದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ. ನನಗೆ ಅನುಮಾನವೇ ಬರಲಿಲ್ಲ. ಏಸಿಯನ್ನು ಇಪ್ಪತ್ತಕ್ಕೆ ಇಟ್ಟು, ಮರಿಯ ಡಬ್ಬಿಯೊಳಗೆ ಒದ್ದೆ ಬಟ್ಟೆ ಹಾಸಿದೆ. ಒಣಗಿದಾಗಲೆಲ್ಲ ಮತ್ತೆ ಒದ್ದೆ ಮಾಡಿದೆ.

ಸೋಮವಾರ ಕೂಗು ನಲವತ್ತೊಂದು. ಮಂಗಳವಾರ ಹದಿನೇಳು. ಬುಧವಾರ ಬೆಳಗಿನ ತಿಂಡಿಯವರೆಗೆ ಸೊನ್ನೆ.

"ಈಗ ಒಳ್ಳೆ ಸಾಧು ಆಯ್ತು ನೋಡು" ಎಂದಳು ಅಕ್ಕ. ಸೊನ್ನೆಯ ಪಕ್ಕದಲ್ಲಿ ನಾನು ಸರಿ ಗುರುತು ಹಾಕಿದೆ.

ಆಮೇಲೆ ತೂಗಿದೆ. ಇನ್ನೂರ ಒಂದು. ತಕ್ಕಡಿ ಕೆಟ್ಟಿರಬೇಕು ಎಂದುಕೊಂಡು ಇನ್ನೊಮ್ಮೆ ತೂಗಿದೆ. ಅಷ್ಟೇ. ಪುಟವನ್ನು ಅಡ್ಡಕ್ಕೆ ಓದಿದ್ದು ಆಗಲೇ. ಅಲ್ಲಿಯವರೆಗೆ ಒಂದೊಂದೇ ಕಾಲಂ ನೋಡುತ್ತಿದ್ದೆ. ಕೂಗು ಇಳಿದಂತೆಲ್ಲ ಹಾಲೂ ಇಳಿದಿತ್ತು, ತೂಕವೂ ಇಳಿದಿತ್ತು. ಹಾಲಿನ ಸಿರಿಂಜ್ ತುಟಿಗಿಟ್ಟರೆ ಮರಿ ಚೀಪಲಿಲ್ಲ. ಕಿರುಬೆರಳನ್ನು ಬಾಯೊಳಗೆ ಇಟ್ಟೆ. ಬಾಯಿ ತಣ್ಣಗಿತ್ತು.

ಭಾವ ಆಫೀಸಿಗೆ ತಡವಾಗುತ್ತದೆಂದು ಫೋನ್ ಮಾಡಿ ಹೇಳಿ ನನ್ನನ್ನೂ ಮರಿಯನ್ನೂ ಪ್ರಾಣಿಗಳ ಕ್ಲಿನಿಕ್ಕಿಗೆ ಕರೆದೊಯ್ದರು. ಅಲ್ಲಿನ ಡಾಕ್ಟರಮ್ಮ ಮರಿಯ ತುಟಿ ಎತ್ತಿ ಒಸಡು ತೋರಿಸಿದರು. ಗುಲಾಬಿ ಇರಬೇಕಾದದ್ದು ಬಿಳಿಚಿತ್ತು. ಬೆನ್ನಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರೆ ಅದು ಕೂಡಲೇ ಕೆಳಗಿಳಿಯಲಿಲ್ಲ. ಡಬ್ಬಿಯಲ್ಲಿ ಒದ್ದೆ ಬಟ್ಟೆ ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹೀಟ್" ಎಂದೆ.

"ಜ್ವರ ಇತ್ತೇ?"

"ಇಲ್ಲ."

"ಮತ್ತೆ?"

ಉಷ್ಣಕ್ಕೆ ನನ್ನಲ್ಲಿ ಬೇರೆ ಇಂಗ್ಲಿಷ್ ಪದ ಇರಲಿಲ್ಲ. ಅವರು ಬೈಯಲಿಲ್ಲ. ಇಷ್ಟು ಚಿಕ್ಕ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ ಎಂದರು. ಅದು ಸುಮ್ಮನಾದದ್ದು ನೆಮ್ಮದಿಯಿಂದಲ್ಲ, ಕೂಗಲು ಶಕ್ತಿ ಇಲ್ಲದೆ. ಮೊದಲು ನಿಧಾನವಾಗಿ ಬೆಚ್ಚಗಾಗಬೇಕು, ಹಾಲು ಆಮೇಲೆ. ಚರ್ಮದಡಿಗೆ ದ್ರವ ಕೊಟ್ಟು ಮಧ್ಯಾಹ್ನದವರೆಗೆ ಇಟ್ಟುಕೊಂಡು ಕಳಿಸಿದರು. ಉಳಿಯುತ್ತದೆ ಎಂದು ಮಾತ್ರ ಹೇಳಲಿಲ್ಲ.

ಮನೆಗೆ ಬಂದು ನಾನು ಹೇಳಿದ್ದನ್ನು ಅಕ್ಕ ಪೂರ್ತಿ ಕೇಳಿಸಿಕೊಂಡಳು. ಒಳಗೆ ಹೋಗಿ ಬಾಟಲಿಗೆ ಬಿಸಿನೀರು ತುಂಬಿಸಿ, ತನ್ನ ಹಳೆಯ ಹತ್ತಿ ನೈಟಿಯಲ್ಲಿ ಸುತ್ತಿ ತಂದಳು. ತನ್ನ ಮೊಣಕೈಗೆ ಒತ್ತಿ ಬಿಸಿ ಹೆಚ್ಚಾಗಿಲ್ಲವೆಂದು ನೋಡಿ ಡಬ್ಬಿಯಲ್ಲಿಟ್ಟಳು. ಕೋಣೆಯ ಏಸಿ ಆರಿಸಿದಳು.

ಸಂಜೆ ಭಾವ ಬನಿಯನ್ನಿನಲ್ಲಿ ಬಾಗಿಲಿಗೆ ಬಂದು ಬೆವರು ಒರೆಸಿಕೊಳ್ಳುತ್ತ, "ಈಗ ಉಷ್ಣ ಯಾರಿಗೆ?" ಎಂದರು.

"ನೀವು ಹಾಲ್‌ಗೆ ಹೋಗಿ" ಎಂದಳು ಅಕ್ಕ, ತಲೆ ಎತ್ತದೆ.

ಗುರುವಾರವೂ ಬೆಳಗಿನಿಂದ ಸೊನ್ನೆಯೇ. ಈ ಸಲ ಸರಿ ಗುರುತು ಹಾಕಲಿಲ್ಲ. ಸಂಜೆ ಐದೂ ಹತ್ತಕ್ಕೆ ಡಬ್ಬಿಯಿಂದ ಸಣ್ಣ ದನಿ ಬಂತು, ಬಾಗಿಲಿನ ಕೀಲು ಕಿರುಗುಟ್ಟಿದ ಹಾಗೆ. ಬೆರಳಿಟ್ಟರೆ ಬಾಯಿ ಬೆಚ್ಚಗಿತ್ತು, ಬೆರಳನ್ನು ಚೀಪಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಬರ್ಕೊಂಡ್ಯಾ?" ಅಕ್ಕ ಅಲ್ಲಿಂದಲೇ ಕೇಳಿದಳು.

"ಬರೆದೆ ಅಕ್ಕ. ಒಂದು."

"ಇನ್ನೊಂದು ಕೂಗಿತಲ್ಲ ಈಗ. ಅದನ್ನೂ ಹಾಕು."