ಫಿರಂಗಿ ರಜಬ್ ಮತ್ತು ಸುಗ್ರಾ ಬೀಯ ಬಾಳೆ

ಬಣಕಲ್ಲಿನಲ್ಲಿ ರಜಬ್ ಅಲಿ ಎಂದರೆ ಯಾರೂ ತಲೆ ಎತ್ತುವುದಿಲ್ಲ. ಫಿರಂಗಿ ರಜಬ್ ಎನ್ನಿ, ಹೆದ್ದಾರಿಯ ಚಾ ಅಂಗಡಿಯಿಂದ ಯಾರಾದರೂ ಎದ್ದು ಬಂದು ಮನೆ ಬಾಗಿಲ ತನಕ ಬಿಟ್ಟು ಹೋಗುತ್ತಾರೆ. ಸೈನ್ಯದ ಫಿರಂಗಿ ದಳದಲ್ಲಿ ದುಡಿದು ಬಂದವನು. ಒಂದು ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದಾನೆ. ಉಳಿದದ್ದು ಹೆಂಡತಿಯ ಮಾತಿಗೆ ಮೀಸಲು.

ವೈರಿಯನ್ನು ಕಣ್ಣಾರೆ ಕಂಡಿದ್ದೀರಾ ಎಂದು ಅಂಗಡಿಯಲ್ಲಿ ಯಾರಾದರೂ ಕೆಣಕಿದರೆ ಸಾಕು, ಶುರುವಾಗುತ್ತಾನೆ. ಕಂಡಿಲ್ಲ, ಕಾಣಬೇಕಾಗಿಯೂ ಇಲ್ಲ. ಫಿರಂಗಿ ನಿಲ್ಲುವುದು ಗುಡ್ಡದ ಹಿಂದೆ. ಮುಂದೆ ಎತ್ತರದಲ್ಲಿ ಕೂತವನೊಬ್ಬ ನೋಡಿ ಹೇಳುತ್ತಾನೆ, ಹಿಂದಿನವರು ಹೊಡೆಯುತ್ತಾರೆ. ಎಲ್ಲರನ್ನೂ ಕೊಲ್ಲುವುದಲ್ಲ ಅದರ ಕೆಲಸ. ವೈರಿ ತಲೆ ಎತ್ತದ ಹಾಗೆ ಮಾಡಬೇಕು, ಅವನ ದಾರಿ ಕಟ್ಟಬೇಕು, ಅಷ್ಟರಲ್ಲಿ ಕಾಲಾಳುಗಳು ಮುಂದೆ ಹೋಗಿ ನೆಲ ಹಿಡಿಯಬೇಕು. ಇದನ್ನು ತೋರಿಸಲು ಚಾ ಲೋಟ, ಸಕ್ಕರೆ ಡಬ್ಬ, ಬನ್ನು ಎಲ್ಲವೂ ರಣರಂಗಕ್ಕೆ ಇಳಿಯುತ್ತವೆ. ಕಾಲಾಳಾಗಿದ್ದ ಬನ್ನನ್ನು ಕೊನೆಗೆ ಕೇಳುಗರೇ ತಿಂದು ಮುಗಿಸಿರುತ್ತಾರೆ.

ಮನೆಯಲ್ಲಿ ಈ ಪಾಠ ನಡೆಯುತ್ತಿರಲಿಲ್ಲ. ಹೆಂಡತಿ ಸುಗ್ರಾ ಬೀಯದ್ದು ಒಂದೇ ಪ್ರಶ್ನೆ: ಅಷ್ಟು ದೊಡ್ಡ ಫಿರಂಗಿ ಹೊಡೆದವರಿಗೆ ಮಂಗ ಓಡಿಸೋಕೆ ಯಾಕೆ ಆಗಲ್ಲ? ಕಾಫಿ ತೋಟದ ಕೆಳಗಿನ ತಗ್ಗಿನಲ್ಲಿ ಅವಳೇ ಸಗಣಿ ಹೊತ್ತು ಹಾಕಿ ಬೆಳೆಸಿದ ಬಾಳೆ. ಹೋದ ವರ್ಷ, ಅದರ ಹಿಂದಿನ ವರ್ಷ, ಒಂದು ಗೊನೆಯೂ ಪೇಟೆಯ ಮುಖ ಕಂಡಿಲ್ಲ. ಈ ಸಲವೂ ಮಂಗನ ಪಾಲಾದರೆ ತೋಟವನ್ನೇ ಗುತ್ತಿಗೆಗೆ ಕೊಡುವುದು, ರಜಬ್ ಗೋಣಿಬೀಡಿಗೆ ಹೋಗಿ ಅವಳ ತಮ್ಮ ನಿಯಾಜನ ಹಾರ್ಡ್‌ವೇರ್ ಅಂಗಡಿಯ ಸ್ಟೂಲ್ ಮೇಲೆ ಕೂರುವುದು ಎಂದು ತೀರ್ಪು ಕೊಟ್ಟಿದ್ದಳು. ನಿಯಾಜ್ ಬಾಯಿ ತೆರೆದರೆ ನಟ್ಟು ಬೋಲ್ಟು ಬಿಟ್ಟು ಬೇರೆ ಮಾತಿಲ್ಲ. ಅದಕ್ಕಿಂತ ಶತ್ರುವಿನ ಗುಂಡೇ ವಾಸಿ ಅನ್ನಿಸಿತು ರಜಬ್‌ಗೆ.

ಈ ಗುಡ್ಡಗಳಲ್ಲಿ ಮಂಗ ಓಡಿಸುವುದು ಎಂದರೆ ಪಕ್ಕದವರ ತೋಟಕ್ಕೆ ಅಟ್ಟುವುದು. ರಜಬ್ ಪಟಾಕಿ ಹೊಡೆದರೆ ಹಿಂಡು ಹಳ್ಳ ದಾಟಿ ಕಾಶೀನಾಥ ಭಟ್ಟರ ಅಡಿಕೆಗೆ. ಭಟ್ಟರು ಡಬ್ಬ ಬಡಿದರೆ ವಾಪಸ್ ಇಲ್ಲಿಗೆ. ಲಾಠಿಗೆ ಚದುರಿದ ಮೆರವಣಿಗೆ ಪಕ್ಕದ ಬೀದಿಯಲ್ಲಿ ಮತ್ತೆ ಸೇರಿಕೊಳ್ಳುವುದಿಲ್ಲವೇ, ಹಾಗೆ. ವರ್ಷಗಟ್ಟಲೆ ಇಬ್ಬರೂ ಸೇರಿ ಮಂಗಗಳಿಗೆ ಬಿಟ್ಟಿ ಬಸ್ ಓಡಿಸಿದ್ದರು ಅಷ್ಟೆ.

ಈ ಸಲ ರಜಬ್ ಭಟ್ಟರ ಜೊತೆ ಸಂಧಿ ಮಾಡಿಕೊಂಡ. ಹಿಂಡು ಹಳ್ಳದ ಅತ್ತಿಮರಕ್ಕೆ ಬರುವಾಗ ಭಟ್ಟರು ಆಚೆ ಬದಿಯ ಬಂಡೆ ಮೇಲೆ ಮೊಬೈಲ್ ಹಿಡಿದು ನಿಲ್ಲಬೇಕು. ಈಚೆ ದಿಬ್ಬದ ಹಿಂದೆ ರಜಬ್, ಎರಡು ಪೈಪ್ ಕೋವಿಗಳ ಜೊತೆ. ಪಿವಿಸಿ ಪೈಪು, ಒಳಗೆ ಕಾರ್ಬೈಡ್ ಚೂರು, ಒಂದಿಷ್ಟು ನೀರು, ಹಿಂಬದಿಗೆ ಗ್ಯಾಸ್ ಲೈಟರ್. ಗುಂಡಿಲ್ಲ, ಬರೀ ಸದ್ದು. ರಜಬ್‌ನ ಎಡಕ್ಕೆ ಮೇಲುಗಡೆ ಕಾಡು, ಬಲಕ್ಕೆ ಕೆಳಗಡೆ ಬಾಳೆ. ಬಾಳೆಯ ದಾರಿಯನ್ನು ಸದ್ದಿನಿಂದ ಕಟ್ಟಿ ಕಾಡಿನ ದಾರಿಯನ್ನು ಬಿಟ್ಟುಕೊಡಬೇಕು. ಯುದ್ಧತಂತ್ರ ಅಷ್ಟೇ.

ಹೊತ್ತು ಏರುವಾಗ ಹಿಂಡು ಬಂತು. ಫೋನಿನಲ್ಲಿ ಭಟ್ಟರ ದನಿ ಖುಷಿಗೆ ನಡುಗುತ್ತಿತ್ತು. "ಎಡಕ್ಕೆ ಹೊರಟವು ಸಾಬ್ರೇ, ಎಡಕ್ಕೆ ಹೊಡೀರಿ."

ರಜಬ್ ಎಡಕ್ಕೆ ಹೊಡೆದ. ಗುಡ್ಡ ಅದುರಿತು. ಎಲೆಯಲ್ಲಿ ಕೂತಿದ್ದ ನೀರೆಲ್ಲ ಅವನ ತಲೆ ಮೇಲೆ ಸುರಿಯಿತು.

"ಇನ್ನೂ ಎಡಕ್ಕೇ ಹೋಗ್ತಿವೆ ಮಾರಾಯ್ರೇ. ನಿಮ್ಮದು ಫಿರಂಗಿಯೋ ಪೀಪಿಯೋ?"

ದಳದ ಮಾನದ ಪ್ರಶ್ನೆ. ಬಲಗಡೆಯ ಪೈಪನ್ನೂ ಎಡಕ್ಕೆ ತಿರುಗಿಸಿದ. ತುಂಬಿದ, ಹೊಡೆದ, ಮತ್ತೆ ತುಂಬಿದ. ಹೊಗೆಯ ನಡುವೆ ಮಂಡಿನೋವು ಮರೆತು ಕುಣಿಯುತ್ತಿದ್ದ. ಭಟ್ಟರು ಎಡ ಎಂದಷ್ಟೂ ಇವನು ಎಡಕ್ಕೆ ಸಿಡಿಸಿದ.

ಅಷ್ಟರಲ್ಲಿ ಬಲಗಡೆ ಕೆಳಗಿನಿಂದ ಸುಗ್ರಾ ಬೀ ದನಿ ಎದ್ದಿತು. ಮಂಗಗಳ ವಂಶವನ್ನೇ ಹಿಡಿದು ಜಾಲಾಡುತ್ತಿದ್ದಳು, ನಡುನಡುವೆ ಗಂಡನದ್ದನ್ನೂ. ರಜಬ್ ದಿಬ್ಬ ಹತ್ತಿ ನೋಡಿದ. ಆಚೆ ಬಂಡೆಯ ಮೇಲೆ ಭಟ್ಟರು ಇವನ ಕಡೆಗೇ ಮುಖ ಮಾಡಿ ನಿಂತಿದ್ದರು. ಅವರ ಎಡ ಇವನ ಬಲ. ಸೈನ್ಯದಲ್ಲಿ ಆ ಲೆಕ್ಕ ಹಾಕುವುದಕ್ಕೆ ಬೇರೆಯೇ ಜನ ಇದ್ದರು. ಇವನಿಗೆ ಹೇಳಿದ ಕಡೆ ಹೊಡೆದೇ ಅಭ್ಯಾಸ. ಕಾಡಿನ ಬಾಗಿಲನ್ನು ತಾನೇ ಜಡಿದು, ಹಿಂಡನ್ನು ಹೆಂಡತಿಯ ಬಾಳೆಗೆ ಕಳಿಸಿಕೊಟ್ಟಿದ್ದ.

ಬಾಳೆಯ ಅಂಚಿನಲ್ಲಿ ಸುಗ್ರಾ ಬೀ ಒಂದು ಕೈಯಲ್ಲಿ ತಗಡು, ಇನ್ನೊಂದರಲ್ಲಿ ಸೌದೆ ಹಿಡಿದು ನಿಂತಿದ್ದಳು. ಗಡವ ಮಂಗ ಹಲ್ಲು ಕಿಸಿದರೆ ಇವಳೂ ಕಿಸಿದಳು. ಒಂದು ಹೆಜ್ಜೆಯೂ ಹಿಂದೆ ಸರಿದಿರಲಿಲ್ಲ. ಗಂಡನನ್ನು ಕಂಡವಳೇ ಹೇಳಿದಳು: "ಕಾಡಿನ ಕಡೆ ಹೊಡೆಯೋದು ನಿಲ್ಲಿಸ್ರೀ. ನನ್ನ ಬೆನ್ನ ಹಿಂದೆ ಬಂದು ಹೊಡೀರಿ."

ರಜಬ್ ಪೈಪು ತಬ್ಬಿಕೊಂಡು ಕುಂಡೆಯಲ್ಲೇ ಜಾರಿ ಇಳಿದ. ಹಿಂದೆ ಇವನು ಢಂ ಎನ್ನಿಸಿದಾಗಲೆಲ್ಲ ಮಂಗಗಳು ತಲೆ ಕುಗ್ಗಿಸಿದವು. ಅವು ಕುಗ್ಗಿದಾಗಲೆಲ್ಲ ಅವಳು ತಗಡು ಬಡಿಯುತ್ತಾ ಮುಂದಿನ ಸಾಲಿಗೆ ದಾಟಿದಳು. ಆಚೆ ಭಟ್ಟರು ಪಂಚೆ ಎತ್ತಿ ಕಟ್ಟಿ ಬಂಡೆಯ ಮೇಲೆ ಕುಪ್ಪಳಿಸುತ್ತಿದ್ದರು. ಹಿಂಡಿಗೆ ಬೇರೆ ದಾರಿ ಉಳಿಯಲಿಲ್ಲ. ಗೊಣಗುತ್ತಾ ಕಾಡು ಹತ್ತಿತು.

ಹೋದದ್ದು ಒಂದೇ ಗೊನೆ. ಮೂವರೂ ಬಾಳೆಯ ಬುಡದಲ್ಲಿ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಾವು ಹೇಳಿದ್ದು ಸರಿಯಾಗಿಯೇ ಇತ್ತು ಎಂದು ಭಟ್ಟರು, ತಾನು ಹೊಡೆದದ್ದೂ ಸರಿಯಾಗಿಯೇ ಇತ್ತು ಎಂದು ರಜಬ್. ಸುಗ್ರಾ ಬೀ ಎದ್ದು ಗೊನೆಗಳನ್ನು ಒಂದೊಂದಾಗಿ ತಡವಿ ನೋಡತೊಡಗಿದಳು. ಗುತ್ತಿಗೆಯ ಮಾತು ಏನಾಯಿತು ಎಂದು ರಜಬ್ ಮೆಲ್ಲಗೆ ಕೇಳಿದ.

"ಕೊಡಲ್ಲ. ನಾಳೆಯಿಂದ ಬಂಡೆ ಮೇಲೆ ಯಾರೂ ಬೇಡ. ಮುಂದೆ ನಾನಿರ್ತೀನಿ. ಹೇಳಿದಾಗ ಹೊಡೀಬೇಕು, ಹೇಳದೇ ಇದ್ದಾಗ ಬಾಯಿ ಮುಚ್ಕೊಂಡಿರಬೇಕು."

"ಪೈಪಿಗಾ ಹೇಳಿದ್ದು, ನನಗಾ?"

"ಇಬ್ಬರಿಗೂ."